ಜಂಬಿಟ್ಟಿಗೆ ನೆಲ, ಸಿಹಿನೀರು: ಮಲೆನಾಡಿನ ಹಿನ್ನೀರಿನಲ್ಲಿ ಮೆಟಲ್ ಡಿಟೆಕ್ಟರ್ ಬಳಸುವ ಕ್ರಮ

ಹೊಳೆಯಲ್ಲಿ ಮೀಯುವಾಗ ಉಂಗುರ ಜಾರುವುದು ಹೊಸತೇನಲ್ಲ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಮೇಲೆ ಸೋಪಿನ ನೊರೆ ಸೇರಿದರೆ ಹಿಡಿತ ಪೂರ್ತಿ ತಪ್ಪುತ್ತದೆ. ತೀರ್ಥಹಳ್ಳಿಯ ತುಂಗೆಯಲ್ಲಿ, ಕೂಡ್ಲಿಯ ಸಂಗಮದಲ್ಲಿ, ಶರಾವತಿ ಹಿನ್ನೀರಿನ ದಡಗಳಲ್ಲಿ, ಊರಿನ ಕೆರೆಗಳಲ್ಲಿ ಹೀಗೆ ಒಡವೆ ಕಳೆದುಕೊಂಡವರು ಈಗ ಮೆಟಲ್ ಡಿಟೆಕ್ಟರ್ ತರಿಸಿ ಹುಡುಕಲು ಹೊರಡುತ್ತಾರೆ. ಯಂತ್ರ ನೀರಿಗಿಳಿದ ಐದೇ ನಿಮಿಷಕ್ಕೆ ಎಲ್ಲೆಂದರಲ್ಲಿ ಕಿರುಚತೊಡಗುತ್ತದೆ. ಅಗೆದಲ್ಲೆಲ್ಲ ಬರೀ ಜಂಬಿಟ್ಟಿಗೆಯ ಕೆಂಪು ಹರಳುಕಲ್ಲು.

ಕೆಟ್ಟಿರುವುದು ಯಂತ್ರವಲ್ಲ. ಅದರ ಜೊತೆ ಬರುವ ಪುಸ್ತಿಕೆ, ನೋಡಿ ಕಲಿಯುವ ವಿಡಿಯೊ ಎಲ್ಲವೂ ಹೆಚ್ಚಾಗಿ ವಿದೇಶದ ಸಮುದ್ರತೀರವನ್ನೋ ಹುಲ್ಲುಗಾವಲನ್ನೋ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅಲ್ಲಿ ತೊಂದರೆ ಕೊಡುವುದು ಉಪ್ಪುನೀರು. ಮಲೆನಾಡಿನ ನೀರು ಸಿಹಿ, ಅದರಿಂದ ಹೇಳಿಕೊಳ್ಳುವ ತೊಂದರೆಯಿಲ್ಲ. ಇಲ್ಲಿ ಕಾಡುವುದು ತಳದ ಜಂಬಿಟ್ಟಿಗೆ, ಎಂದರೆ ಕಬ್ಬಿಣ ತುಂಬಿದ ಕೆಂಪು ಮಣ್ಣು. ಇದೊಂದು ಅರ್ಥವಾದರೆ ಯಂತ್ರದ ಅರ್ಧಕ್ಕರ್ಧ ಸೆಟ್ಟಿಂಗ್ ತಾನಾಗಿ ಸರಿಹೋಗುತ್ತದೆ.

ಯಂತ್ರಕ್ಕೆ ಕೇಳಿಸುವುದು ಏನು?

ಡಿಟೆಕ್ಟರಿನ ಕೆಳಗಿರುವ ತಟ್ಟೆಯಂಥ ಭಾಗಕ್ಕೆ ಕಾಯಿಲ್ ಎನ್ನುತ್ತಾರೆ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಲೋಹದಲ್ಲಿ ಪುಟ್ಟ ಸುಳಿ ವಿದ್ಯುತ್ತು ಹುಟ್ಟಿ, ಅದು ತನ್ನದೇ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತದೆ. ಎರಡನೆಯ ಸುರುಳಿ ಕೇಳಿಸಿಕೊಳ್ಳುವುದು ಅದನ್ನೇ. ವಾಪಸು ಬರುವುದು ಎಷ್ಟು ತಡವಾಯಿತು ಎಂಬುದರ ಮೇಲೆ ಯಂತ್ರ ಪರದೆಯಲ್ಲಿ ಒಂದು ಅಂಕಿ ತೋರಿಸುತ್ತದೆ. ತೆಳು ಚಿನ್ನ, ಅಲ್ಯೂಮಿನಿಯಂ ಹಾಳೆಗಳಲ್ಲಿ ಸುಳಿ ವಿದ್ಯುತ್ತು ಬೇಗ ಸಾಯುತ್ತದೆ, ಹಾಗಾಗಿ ಸಣ್ಣ ಅಂಕಿ. ದಪ್ಪ ಬೆಳ್ಳಿ, ತಾಮ್ರಗಳಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ, ಹಾಗಾಗಿ ದೊಡ್ಡ ಅಂಕಿ. ಕಬ್ಬಿಣ ಸ್ವತಃ ಅಯಸ್ಕಾಂತಕ್ಕೆ ಅಂಟುವ ಜಾತಿಯಾದ್ದರಿಂದ ಅದರ ಉತ್ತರ ಬೇರೆಯದೇ ಪಕ್ಕದಲ್ಲಿ ಬೀಳುತ್ತದೆ; ಅದನ್ನು ಕೆಳಗಿನ ಅಥವಾ ಮೈನಸ್ ಅಂಕಿಯಲ್ಲಿ ತೋರಿಸುತ್ತಾರೆ.

ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹೀಗೆ ದಿಕ್ಕು ಬದಲಿಸುತ್ತದೆ ಎಂಬುದೇ ಆವರ್ತನ. ಇದು ವಿಎಲ್‌ಎಫ್ (ತೀರಾ ಕಡಿಮೆ ಆವರ್ತನ) ಎಂಬ ಸಾಮಾನ್ಯ ಬಗೆ. ಇನ್ನೊಂದು ಪಲ್ಸ್ ಇಂಡಕ್ಷನ್. ಅದು ಪೆಟ್ಟು ಹೊಡೆದಂತೆ ವಿದ್ಯುತ್ತು ಬಿಟ್ಟು, ಕ್ಷಣ ಸುಮ್ಮನಿದ್ದು, ನೆಲದಲ್ಲಿ ಇನ್ನೂ ಯಾವುದು ಮಿಡಿಯುತ್ತಿದೆ ಎಂದು ಆಲಿಸುತ್ತದೆ. ಉಪ್ಪುನೀರು, ಕಪ್ಪು ಮರಳು ಅಷ್ಟರಲ್ಲಿ ಹೆಚ್ಚುಕಮ್ಮಿ ಮೌನವಾಗಿರುತ್ತವೆ, ಲೋಹ ಮಾತ್ರ ಮಿಡಿಯುತ್ತಿರುತ್ತದೆ. ಆದರೆ ಇಂಥ ಯಂತ್ರಕ್ಕೆ ಮೊಳೆಗೂ ಉಂಗುರಕ್ಕೂ ಭೇದವಿಲ್ಲ, ಸದ್ದು ಬಂದಲ್ಲೆಲ್ಲ ಅಗೆಯಬೇಕು.

ಉಪ್ಪುನೀರು ಸ್ವತಃ ವಿದ್ಯುತ್ತು ಹರಿಸುತ್ತದೆ. ಅದು ಕೊಡುವ ಉತ್ತರ ತೆಳು ಚಿನ್ನದ ಉತ್ತರಕ್ಕೆ ತೀರಾ ಹತ್ತಿರ. ಅದಕ್ಕೇ ಏಕಕಾಲಕ್ಕೆ ಹಲವು ಆವರ್ತನ ಬಿಡುವ ಯಂತ್ರಗಳಲ್ಲಿ ಬೀಚ್ ಮೋಡ್ ಇರುತ್ತದೆ. ಅದು ಆವರ್ತನಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಕಳೆದುಬಿಡುತ್ತದೆ. ಹಾಗೆ ಕಳೆಯುವಾಗ ಮೂಗುತಿ, ತೆಳು ಕಿವಿಯೋಲೆಗಳಂಥ ಪುಟ್ಟ ಚಿನ್ನದ ಸದ್ದೂ ಸ್ವಲ್ಪ ಹೋಗುತ್ತದೆ. ಸಮುದ್ರದಲ್ಲಿ ಈ ನಷ್ಟ ಅನಿವಾರ್ಯ. ತುಂಗೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ಇದನ್ನು ಅನುಭವಿಸಬೇಕಾದ ಕಾರಣವೇ ಇಲ್ಲ. ನೀರಿಗಿಳಿದರೂ ಒಣನೆಲಕ್ಕೆಂದು ಇರುವ ಪಾರ್ಕ್ ಅಥವಾ ಫೀಲ್ಡ್ ಮೋಡ್‌ನಲ್ಲೇ ಇರಿ.

ಕೆಂಪು ಮಣ್ಣಿನ ಕಾಟ

ಲಕ್ಷಾಂತರ ವರ್ಷಗಳ ಜಡಿಮಳೆ ಕಲ್ಲಿನೊಳಗಿನ ಸಿಲಿಕವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಹಿಂದೆ ಬಿಟ್ಟಿದ್ದರಿಂದ ಜಂಬಿಟ್ಟಿಗೆ ಆದದ್ದು. ಕೆಂಪು ಬಣ್ಣ ಕೊಡುವ ಹೆಮಟೈಟ್ ಅಯಸ್ಕಾಂತಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಅದರೊಂದಿಗೆ ಬೆರೆತಿರುವ ಮ್ಯಾಗ್ಹೆಮೈಟ್, ಮ್ಯಾಗ್ನೆಟೈಟ್ ಕಣಗಳು ಚೆನ್ನಾಗಿಯೇ ಸ್ಪಂದಿಸುತ್ತವೆ. ಯಂತ್ರಕ್ಕೆ ಹದಿನೈದು ಸೆಂಟಿಮೀಟರ್ ಆಳದ ಉಂಗುರದಿಂದ ಬರುವ ಉತ್ತರಕ್ಕಿಂತ ನಡುವಿನ ಮಣ್ಣಿನಿಂದ ಬರುವ ಉತ್ತರವೇ ಎಷ್ಟೋ ಪಟ್ಟು ದೊಡ್ಡದು.

ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿ: ಮಣ್ಣು ಸುಟ್ಟಲ್ಲಿ ಈ ಕಾಟ ಹೆಚ್ಚುತ್ತದೆ. ತರಗೆಲೆಯಂಥ ಜೈವಿಕ ವಸ್ತುವಿನೊಡನೆ ಕಬ್ಬಿಣದ ಮಣ್ಣು ಬೆಂದಾಗ ಮ್ಯಾಗ್ಹೆಮೈಟ್ ಹುಟ್ಟುತ್ತದೆ. ಆದ್ದರಿಂದ ದರಕು ಸುಟ್ಟ ಜಾಗ, ಪ್ರವಾಸಿಗರು ದಡದಲ್ಲಿ ಹೂಡಿದ ಒಲೆ, ಮುಳುಗಿದ ಮನೆಯ ಹಳೆಯ ಒಲೆಕಟ್ಟೆ ಎಲ್ಲವೂ ಡಿಟೆಕ್ಟರಿಗೆ ಸದ್ದು ಮಾಡುತ್ತವೆ. ಇಟ್ಟಿಗೆ, ಹಂಚಿನ ಚೂರುಗಳೂ ಅಷ್ಟೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದಾಗ ನೀರಡಿಗೆ ಹೋದ ಊರುಗಳ ಮನೆಗಳಲ್ಲಿ ಹಂಚಿನವೂ ಇದ್ದವು. ಅಂಥ ಜಾಗ ಬೇಸಿಗೆಯಲ್ಲಿ ಮೇಲೆದ್ದಾಗ ಅಲ್ಲಿ ಕಾಯಿಲ್ ಬೀಸಿದರೆ ಒಂದು ಗೇಣಿಗೆ ಒಂದು ಸದ್ದು. ಸದ್ದು ಬಂದಲ್ಲಿ ಹಂಚಿನ ಚೂರು ಕಂಡರೆ ಅದನ್ನು ಎತ್ತಿ ಬದಿಗಿಟ್ಟು ಮತ್ತೆ ಬೀಸಿ ನೋಡಿ. ಸದ್ದು ಚೂರಿನ ಜೊತೆಗೇ ಹೋದರೆ ಅಗೆಯುವ ಕೆಲಸ ಉಳಿಯಿತು.

ಭದ್ರೆಯ ಪಾತ್ರದಲ್ಲಿ ಇನ್ನೊಂದು ಬಗೆ. ನದಿ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ, ಅದು ಮ್ಯಾಗ್ನೆಟೈಟ್ ಅದಿರಿನ ನಾಡು. ಮಳೆಗಾಲದ ನೆರೆ ಇಳಿದ ಮೇಲೆ ಮರಳಿನ ಮೇಲೆ ಕಪ್ಪು ಗೆರೆಗಳು ಕಂಡರೆ ಅವು ಭಾರದ ಕಣಗಳ ಸಾಲು. ಚಿನ್ನವೂ ಭಾರದ್ದೇ ಆದ್ದರಿಂದ ಉಂಗುರ ತಂಗಬಹುದಾದ ಜಾಗವೂ ಅದೇ. ಯಂತ್ರ ಹೆಚ್ಚು ತಡವರಿಸುವುದೂ ಅಲ್ಲೇ.

ಮಣ್ಣು ಎಷ್ಟು ಕಬ್ಬಿಣದ್ದು ಎಂದು ತಿಳಿಯಲು ಹಳೆಯ ಸ್ಪೀಕರಿನ ಅಯಸ್ಕಾಂತ ಸಾಕು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ದಡದ ಒಣ ಮಣ್ಣಿನಲ್ಲಿ ಒಂದು ಮಾರಿನಷ್ಟು ಎಳೆಯಿರಿ. ಚೀಲಕ್ಕೆ ನಾಲ್ಕೈದು ಕಣ ಅಂಟಿದರೆ ಯಾವ ಯಂತ್ರವಾದರೂ ನಡೆಯುತ್ತದೆ. ಗಡ್ಡದಂತೆ ದಟ್ಟವಾಗಿ ಅಂಟಿದರೆ ಆ ದಿನ ಆಳದ ಆಸೆ ಬಿಟ್ಟುಬಿಡಿ.

ಗ್ರೌಂಡ್ ಬ್ಯಾಲೆನ್ಸ್

ಮಣ್ಣಿನ ಉತ್ತರವನ್ನು ಯಂತ್ರಕ್ಕೆ ಮೊದಲೇ ಕೇಳಿಸಿ, ಇದನ್ನು ಬಿಟ್ಟು ಮಿಕ್ಕದ್ದನ್ನು ಹೇಳು ಎನ್ನುವುದೇ ಗ್ರೌಂಡ್ ಬ್ಯಾಲೆನ್ಸ್. ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ಮೊದಲು ನೋಡಿ. ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ಕೂರಿಸಿ ಕಳಿಸಿದ ಅಗ್ಗದ ಯಂತ್ರಗಳು ಜಂಬಿಟ್ಟಿಗೆಯ ಮೇಲೆ ಆಟಿಕೆಗೆ ಸಮ.

ಮಾಡುವ ಕ್ರಮ ಇಷ್ಟು. ಲೋಹ ಇಲ್ಲದ ಒಂದು ಮೊಳ ಜಾಗ ಹುಡುಕಿ, ಎಲ್ಲ ಲೋಹ ಕೇಳಿಸುವ ಸ್ಥಿತಿಯಲ್ಲಿ ಬೀಸಿ ಖಚಿತ ಮಾಡಿಕೊಳ್ಳಿ. ಬ್ಯಾಲೆನ್ಸ್ ಗುಂಡಿ ಒತ್ತಿಹಿಡಿದು ಕಾಯಿಲನ್ನು ನೆಲಕ್ಕೆ ಸಮವಾಗಿಟ್ಟು, ಎರಡು ಸೆಂಟಿಮೀಟರಿನಿಂದ ಇಪ್ಪತ್ತು ಸೆಂಟಿಮೀಟರ್‌ವರೆಗೆ ನಿಧಾನ ಮೇಲೆ ಕೆಳಗೆ ಆಡಿಸಿ. ಸದ್ದು ಅಡಗುತ್ತ ಬಂದು ಅಂಕಿ ಒಂದೆಡೆ ನಿಂತಾಗ ಗುಂಡಿ ಬಿಡಿ. ನೀರಿನಲ್ಲಿ ಹುಡುಕುವುದಾದರೆ ಇದನ್ನು ನೀರಿನಲ್ಲೇ ಮಾಡಬೇಕು. ದಡದ ಒಣಮಣ್ಣಿನಲ್ಲಿ ಮಾಡಿದ್ದು ತಳದ ಗೋಡಿಗೆ (ಮೆತ್ತನೆ ಹೂಳಿಗೆ) ಹೊಂದುವುದಿಲ್ಲ. ಗೋಡಿನಿಂದ ಹರಳಿಗೆ, ಹರಳಿನಿಂದ ಮರಳಿಗೆ ತಳ ಬದಲಾದಾಗೆಲ್ಲ ಮತ್ತೆ ಮಾಡಬೇಕು. ಅಡಿಗಡಿಗೆ ತಾನಾಗಿ ಸರಿಪಡಿಸಿಕೊಳ್ಳುವ ಟ್ರ್ಯಾಕಿಂಗ್ ಹಲವು ಯಂತ್ರಗಳಲ್ಲಿದೆ. ತಳ ಮೇಲಿಂದ ಮೇಲೆ ಬದಲಾಗುವಲ್ಲಿ ಅದು ಒಳ್ಳೆಯದೇ, ಆದರೆ ಒಂದು ಕ್ಷೀಣ ಸದ್ದಿನ ಮೇಲೆ ಹತ್ತಾರು ಸಲ ಬೀಸಿದರೆ ಆ ಉಂಗುರವನ್ನೂ ನೆಲವೆಂದು ತಿಳಿದು ಅಳಿಸಿಬಿಡುತ್ತದೆ. ಅನುಮಾನದ ಸದ್ದು ಬಂದಾಗ ಟ್ರ್ಯಾಕಿಂಗ್ ಆಫ್ ಮಾಡಿ ನೋಡಿ.

ಹೊಸಬರ ಕೈ ಮೊದಲು ಹೋಗುವುದು ಸೆನ್ಸಿಟಿವಿಟಿ, ಎಂದರೆ ಕ್ಷೀಣ ಉತ್ತರವನ್ನೂ ಕೇಳುವ ಶಕ್ತಿ ಏರಿಸುವ ಗುಂಡಿಗೆ. ಕೆಂಪು ನೆಲದಲ್ಲಿ ಅದನ್ನು ತುದಿಗೇರಿಸುವುದೆಂದರೆ ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದಂತೆ: ಬೆಳಕೆಲ್ಲ ಮಂಜಿಗೇ ತಾಗಿ ಕಣ್ಣಿಗೆ ರಾಚುತ್ತದೆ, ರಸ್ತೆ ಕಾಣುವುದಿಲ್ಲ. ಕಾಯಿಲ್ ಸುಮ್ಮನೆ ಬೀಸಿದಾಗ ಸದ್ದು ನಿಲ್ಲುವವರೆಗೆ ಒಂದೊಂದೇ ಮೆಟ್ಟಿಲು ಇಳಿಸಿ. ಅರ್ಧಕ್ಕಿಂತ ಕೆಳಗೆ ಇಳಿಯಬೇಕಾಗಿ ಬಂದರೂ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಹನ್ನೊಂದು ಇಂಚಿನ ಕಾಯಿಲ್ ತೆಗೆದು ಆರು ಇಂಚಿನದು ಹಾಕಿ. ಸಣ್ಣ ಕಾಯಿಲ್ ಒಂದು ಸಲಕ್ಕೆ ಕಡಿಮೆ ಮಣ್ಣು ನೋಡುತ್ತದೆ, ಆದ್ದರಿಂದ ಮಣ್ಣಿನ ಗದ್ದಲವೂ ಕಡಿಮೆ.

ಇಷ್ಟಾದರೂ ಆಳ ಸಿಗುವುದು ಕಡಿಮೆಯೇ. ಒಳ್ಳೆಯ ಮರಳಿನಲ್ಲಿ ಹದಿನೈದು–ಇಪ್ಪತ್ತು ಸೆಂಟಿಮೀಟರಿನಲ್ಲಿ ಕೇಳಿಸುವ ಉಂಗುರ ಜಂಬಿಟ್ಟಿಗೆ ಹರಳಿನಲ್ಲಿ ಎಂಟು–ಹತ್ತಕ್ಕೆ ಸುಸ್ತಾಗುತ್ತದೆ. ಇನ್ನೊಂದು ಮೋಸವೂ ಇದೆ. ಆಳ ಹೆಚ್ಚಿದಂತೆ ಈ ಮಣ್ಣು ಚಿನ್ನದ ಅಂಕಿಯನ್ನು ಕಬ್ಬಿಣದ ಕಡೆಗೆ ಎಳೆಯುತ್ತದೆ. ಕಬ್ಬಿಣವನ್ನು ಪೂರ್ತಿ ಬಾಯಿಮುಚ್ಚಿಸುವಂತೆ ಡಿಸ್ಕ್ರಿಮಿನೇಶನ್ ಹಾಕಿದವರ ಕಾಯಿಲ್ ಉಂಗುರದ ಮೇಲೇ ಹಾದುಹೋಗಿ ಮೌನವಾಗಿರುತ್ತದೆ. ಕಬ್ಬಿಣದ ಸದ್ದನ್ನು ಸಣ್ಣಗೆ ಕೇಳುವಂತೆ ಇಟ್ಟುಕೊಂಡು, ಒಂದು ಕಡೆಯಿಂದ ಕಬ್ಬಿಣ, ಅಡ್ಡ ನಿಂತು ಬೀಸಿದರೆ ಚಿನ್ನ ಎಂದು ಹೇಳುವ ತುಂಡು ಸದ್ದುಗಳನ್ನೆಲ್ಲ ಅಗೆಯಬೇಕು.

ಯಾವ ಯಂತ್ರ?

ಕಾಯಿಲ್ ಮಾತ್ರ ವಾಟರ್‌ಪ್ರೂಫ್ ಆಗಿರುವುದಕ್ಕೂ ಪೂರ್ತಿ ಯಂತ್ರ ವಾಟರ್‌ಪ್ರೂಫ್ ಆಗಿರುವುದಕ್ಕೂ ವ್ಯತ್ಯಾಸ ಬಹಳ. ಮೊದಲನೆಯದರಲ್ಲಿ ಮೊಣಕಾಲುದ್ದ ನೀರಿನಲ್ಲಿ ಎಡವಿ ಬಿದ್ದರೆ ಕಂಟ್ರೋಲ್ ಬಾಕ್ಸ್ ಹೋಯಿತೆಂದೇ ಲೆಕ್ಕ. ನೀರಿಗೆಂದೇ ಕೊಳ್ಳುವವರು ಎರಡನೆಯದನ್ನೇ ತೆಗೆದುಕೊಳ್ಳಬೇಕು. 12 ಕಿಲೋಹರ್ಟ್ಜ್‌ನ ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್, 15 ಕಿಲೋಹರ್ಟ್ಜ್‌ನ ಗ್ಯಾರೆಟ್ ಎಟಿ ಪ್ರೊ ಎರಡೂ ಒಂದೇ ಆವರ್ತನದವು, ಮೂರು ಮೀಟರ್ ನೀರಿಗೆ ತಡೆಯುತ್ತವೆ. ಸಿಹಿನೀರಿಗೆ ಇವು ಸಾಕು. ಸಮುದ್ರಕ್ಕೂ ಹೋಗುವವರಿಗೆ ಮೈನ್‌ಲ್ಯಾಬ್ ಇಕ್ವಿನಾಕ್ಸ್, ನೋಕ್ಟಾ ಲೆಜೆಂಡ್‌ನಂಥ ಬಹು ಆವರ್ತನದ ಯಂತ್ರಗಳು ಬೇಕು. ಕೆಂಪು ನೆಲದಲ್ಲೂ ಒಂದೇ ಆವರ್ತನದವಕ್ಕಿಂತ ಇವುಗಳ ನಡೆ ಹೆಚ್ಚು ಶಾಂತ. ಅರವತ್ತು ಮೀಟರ್ ಆಳಕ್ಕೆ ತಡೆಯುವ ಗ್ಯಾರೆಟ್ ಸೀ ಹಂಟರ್ ಮುಳುಗುಗಾರರಿಗೆ ಮಾಡಿದ ಪಲ್ಸ್ ಯಂತ್ರ. ಮೊಳೆ, ಬಿಜಾಗರಿ, ಚಿಲಕ ತುಂಬಿದ ಹಳೆಯ ಊರಿನ ಜಾಗಕ್ಕೆ ಅದನ್ನೊಯ್ದರೆ ದಿನವಿಡೀ ಗುಜರಿ ಹೆಕ್ಕುವುದೇ ಆಗುತ್ತದೆ.

ಕಾಯಿಲ್ ಡಿಡಿ ಬಗೆಯದಾಗಿರಲಿ. ಒಳಗಿನ ಎರಡು ಸುರುಳಿ ನಡುವೆ ಒಂದರ ಮೇಲೊಂದು ಬರುವ ಈ ವಿನ್ಯಾಸ ಕಬ್ಬಿಣದ ಮಣ್ಣನ್ನು ದುಂಡು ಸುರುಳಿಯದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ನೀರಿಗೆ ತಡೆಯುವ ಒಂದು ಪಿನ್‌ಪಾಯಿಂಟರ್ ಜೊತೆಗಿರಬೇಕು. ಕೈಯಳತೆಯ ಈ ಸಣ್ಣ ಡಿಟೆಕ್ಟರನ್ನು ಗುಂಡಿಯೊಳಗೆ ತೂರಿಸಿದರೆ ವಸ್ತು ಯಾವ ಬದಿಗಿದೆ ಎಂದು ಹೇಳುತ್ತದೆ. ಕೆಂಪು ಮಣ್ಣಿಗೆ ತಾಗಿದೊಡನೆ ಇದೂ ಸುಮ್ಮಸುಮ್ಮನೆ ಗುನುಗುತ್ತದೆ. ತುದಿಯನ್ನು ಮಣ್ಣಿಗೆ ತಾಗಿಸಿಟ್ಟುಕೊಂಡೇ ಒಮ್ಮೆ ಆರಿಸಿ ಹೊತ್ತಿಸಿದರೆ ಆ ಮಣ್ಣನ್ನೇ ಸೊನ್ನೆಯೆಂದು ಹಿಡಿದು ಸುಮ್ಮನಾಗುತ್ತದೆ.

ಅಗೆಯುವ ಸ್ಕೂಪನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದು. ಎರಡು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಗಡು, ಬಾಯಿ ಹದಿನೈದು ಸೆಂಟಿಮೀಟರ್ ಅಗಲ, ತಳದಲ್ಲಿ ಎಂಟರಿಂದ ಹತ್ತು ಮಿಲಿಮೀಟರಿನ ತೂತು, ಎದೆಯೆತ್ತರದ ಹಿಡಿ. ಮೂಗುತಿ, ಓಲೆ ಹುಡುಕುವಾಗ ಈ ತೂತು ದೊಡ್ಡದಾಯಿತು. ಒಳಗೆ ಸೊಳ್ಳೆ ಜಾಲರಿ ಹಾಸಿಕೊಳ್ಳಿ. ಮರಳು ತೂತಿನಿಂದ ತಾನಾಗಿ ಇಳಿಯುತ್ತದೆ, ಆದರೆ ಕೆರೆಯ ಗೋಡು ಮುದ್ದೆಯಾಗಿ ಕೂರುತ್ತದೆ. ಅದಕ್ಕೆ ಬೇರೆ ಉಪಾಯವಿದೆ. ಲಾರಿ ಟ್ಯೂಬಿಗೆ ಗಾಳಿ ತುಂಬಿ, ಮರದ ಚೌಕಟ್ಟಿಗೆ ಎಂಟು ಮಿಲಿಮೀಟರ್ ಜಾಲರಿ ಬಡಿದು ಅದರ ಮೇಲೆ ಕಟ್ಟಿದರೆ ತೇಲುವ ಜರಡಿಯಾಗುತ್ತದೆ. ಸ್ಕೂಪಿನ ಮುದ್ದೆಯನ್ನು ಅದಕ್ಕೆ ಸುರಿದು ನೀರಿನಲ್ಲಿ ಕೈಯಾಡಿಸಿ ಕರಗಿಸಬೇಕು. ಉಂಡೆಯನ್ನು ಒಡೆಯದೆ ಎಸೆಯಬೇಡಿ, ಉಂಗುರ ಇರುವುದು ಉಂಡೆಯ ನಡುವೆಯೇ.

ನೀರಿನಲ್ಲಿ ಹುಡುಕುವುದು

22 ಕ್ಯಾರೆಟ್ ಚಿನ್ನ ನೀರಿಗಿಂತ ಹದಿನೇಳು ಪಟ್ಟಿಗೂ ಹೆಚ್ಚು ಭಾರ. ಮರಳಿನ ಕಣ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಹಾಗಾಗಿ ನಿಂತ ನೀರಿನಲ್ಲಿ ಜಾರಿದ ಉಂಗುರ ನೆಟ್ಟಗೆ ಕಾಲಬುಡಕ್ಕೇ ಇಳಿಯುತ್ತದೆ. ಕೈ ಬೀಸುವಾಗ ಹಾರಿದ್ದಾದರೆ ಐದು–ಹತ್ತು ಮೀಟರ್ ಆಚೆ ಬಿದ್ದಿರಬಹುದು. ಗಟ್ಟಿ ಹರಳಿನ ತಳವಾದರೆ ಮೇಲೆಯೇ ಇರುತ್ತದೆ. ಮೆತ್ತನೆ ಗೋಡಾದರೆ ಕೆಳಗೆ ಗಟ್ಟಿ ಪದರ ಸಿಗುವವರೆಗೆ ಇಳಿಯುತ್ತ ಹೋಗುತ್ತದೆ, ಮೇಲೆ ನಾಲ್ಕು ಜನ ನಡೆದಾಡಿದರೆ ಇನ್ನೂ ಬೇಗ. ಕಳೆದ ಕೂಡಲೇ ಎಲ್ಲರೂ ನೀರಿಗಿಳಿದು ಕಾಲಲ್ಲಿ ತಡಕುವುದು ಉಂಗುರವನ್ನು ಯಂತ್ರದ ಅಳವಿನಿಂದಾಚೆಗೆ ತುಳಿದುಬಿಡುವ ಕೆಲಸ. ಮೊದಲು ಎಲ್ಲರೂ ಮೇಲೆ ಬನ್ನಿ. ನಿಂತಿದ್ದ ಜಾಗಕ್ಕೊಂದು ಗೂಟ ನೆಡಿ, ಮೊಬೈಲಿನಲ್ಲಿ ಲೊಕೇಶನ್ ಗುರುತು ಹಾಕಿ, ದಡದ ಎರಡು ಮರಗಳ ನೇರ ಕಾಣುವಂತೆ ಫೋಟೊ ತೆಗೆಯಿರಿ.

ಲಿಂಗನಮಕ್ಕಿಯಂಥ ಜಲಾಶಯದಲ್ಲಿ ಕಳೆದದ್ದಾದರೆ ಈ ಗುರುತೇ ದೊಡ್ಡ ಆಸ್ತಿ. ನೀರು ಡಿಸೆಂಬರಿನಿಂದ ಇಳಿಯುತ್ತ ಹೋಗಿ ಮೇ ಹೊತ್ತಿಗೆ ದಡ ಎಷ್ಟೋ ದೂರ ಹಿಂದೆ ಸರಿಯುತ್ತದೆ. ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣುತ್ತದೆ. ನವೆಂಬರಿನಲ್ಲಿ ಎದೆಮಟ್ಟದ ನೀರಿನಲ್ಲಿ ಹೋದ ಉಂಗುರವನ್ನು ಏಪ್ರಿಲಿನಲ್ಲಿ ಒಣನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಹುಡುಕಬಹುದು. ಅವಸರ ಪಡದಿರುವುದೇ ಇಲ್ಲಿ ಲಾಭ. ಹರಿಯುವ ತುಂಗೆಯಲ್ಲಿ ಲೆಕ್ಕ ತಿರುಗಾಮುರುಗಾ: ಜೂನಿನ ನೆರೆ ಬಂದರೆ ತಳವೆಲ್ಲ ಅದಲುಬದಲು, ಅದಕ್ಕೆ ಮೊದಲೇ ಮುಗಿಸಬೇಕು. ಹೊಳೆಯಲ್ಲಿ ನೋಡಬೇಕಾದ್ದು ಸ್ನಾನಘಟ್ಟದ ಕೊನೆಯ ಮೆಟ್ಟಿಲ ಬುಡ, ಬಂಡೆಗಳ ಬಿರುಕು, ದೊಡ್ಡ ಕಲ್ಲಿನ ಹಿಂಬದಿಯ ನಿಶ್ಚಲ ನೀರು, ತಿರುವಿನ ಒಳಮಗ್ಗುಲು. ನೀರು ಎಲ್ಲಿ ನಿಧಾನವೋ ಅಲ್ಲಿ ಭಾರದ್ದೆಲ್ಲ ಕೂರುತ್ತದೆ.

ಹತ್ತು ಮೀಟರ್ ಉದ್ದಗಲದ ಚೌಕ ಗುರುತಿಸಿ. ಗೂಟಕ್ಕೆ ಬಿದಿರು ಅಥವಾ ಅಡಿಕೆ ದಬ್ಬೆ, ನಡುವೆ ನೈಲಾನ್ ಹಗ್ಗ. ಕಬ್ಬಿಣದ ಸರಳು, ಬೈಂಡಿಂಗ್ ವೈರ್ ಬೇಡ. ಕೈಯ ವಾಚು, ಉಂಗುರ, ಕಬ್ಬಿಣದ ಮೂತಿಯ ಶೂ ತೆಗೆದಿಡಿ. ಚೌಕವನ್ನು ಮೀಟರ್ ಅಗಲದ ಪಟ್ಟಿಗಳಾಗಿ ಮಾಡಿ, ಕಾಯಿಲನ್ನು ತಳದಿಂದ ಎರಡು ಸೆಂಟಿಮೀಟರ್ ಮೇಲೆ ಸಮವಾಗಿ ಬೀಸಿ. ತುದಿಗೆ ಬಂದಾಗ ತೊಟ್ಟಿಲಿನಂತೆ ಮೇಲೇಳಬಾರದು. ಒಂದು ಬೀಸಿಗೆ ಸುಮಾರು ಮೂರು ಸೆಕೆಂಡು, ಪ್ರತಿ ಬೀಸಿಗೂ ಅರ್ಧ ಕಾಯಿಲಿನಷ್ಟೇ ಮುಂದೆ. ಹನ್ನೊಂದು ಇಂಚಿನ ಕಾಯಿಲಿಗೆ ಒಂದು ಪಟ್ಟಿಯಲ್ಲಿ ಸುಮಾರು ಎಪ್ಪತ್ತು ಬೀಸು, ಎಂದರೆ ಮೂರೂವರೆ ನಿಮಿಷ. ಅಗೆಯುವ ಹೊತ್ತು ಬಿಟ್ಟು ಚೌಕಕ್ಕೆ ಮೂವತ್ತೈದು ನಿಮಿಷ, ಸೊಂಟದ ನೀರಿನಲ್ಲಿ ಅದರ ಎರಡರಷ್ಟು. ಮುಗಿದ ಮೇಲೆ ತೊಂಬತ್ತು ಡಿಗ್ರಿ ತಿರುಗಿ ಅಡ್ಡಡ್ಡ ಮತ್ತೊಮ್ಮೆ. ಮೊದಲ ಸಲ ಸಿಗದ ಉಂಗುರ ಅಡ್ಡ ಬೀಸಿನಲ್ಲಿ ಸಿಗುವುದುಂಟು, ಏಕೆಂದರೆ ನಿಗುರಿ ನಿಂತ ಉಂಗುರ ಚಪ್ಪಟೆ ಬಿದ್ದಷ್ಟು ಚೆನ್ನಾಗಿ ಕೇಳಿಸುವುದಿಲ್ಲ.

ಶುರುಮಾಡುವ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ತಪ್ಪಿಸಬೇಡಿ. ಕಳೆದ ಉಂಗುರದ ಜೋಡಿಯನ್ನೋ ಅಷ್ಟೇ ತೂಕದ ಇನ್ನೊಂದನ್ನೋ ಗಾಳದ ದಾರಕ್ಕೆ ಭದ್ರವಾಗಿ ಕಟ್ಟಿ, ಅದೇ ತಳದಲ್ಲಿ ಐದು, ಹತ್ತು, ಹದಿನೈದು ಸೆಂಟಿಮೀಟರ್ ಆಳಕ್ಕೆ ಹೂತು ಬೀಸಿ. ಎಷ್ಟು ಆಳದವರೆಗೆ ಕೇಳಿತು, ಅಂಕಿ ಎಷ್ಟು, ಸದ್ದು ಹೇಗೆ ಎಂದು ಬರೆದಿಟ್ಟುಕೊಳ್ಳಿ. ವಿದೇಶಿ ವಿಡಿಯೊಗಳು ಹೇಳುವ ಅಂಕಿ ನಮ್ಮ ಒಡವೆಗೆ ಹೊಂದುವುದಿಲ್ಲ. ಅಲ್ಲಿಯದು ಹೆಚ್ಚಾಗಿ 10, 14, 18 ಕ್ಯಾರೆಟ್. ಮಿಶ್ರಣ ಕಡಿಮೆಯಾದಷ್ಟೂ ಚಿನ್ನ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಆದ್ದರಿಂದ ನಮ್ಮ 22 ಕ್ಯಾರೆಟ್ ಉಂಗುರ ಅದೇ ಅಳತೆಯ ಅಲ್ಲಿನ ಉಂಗುರಕ್ಕಿಂತ ಮೇಲಿನ ಅಂಕಿ ಕೊಡುತ್ತದೆ.

ಸದ್ದುಗಳ ಗುರುತು

ನಮ್ಮ ಒಂದು, ಎರಡು ರೂಪಾಯಿಯ ಈಚಿನ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಯಂತ್ರ ಅವನ್ನು ಕಬ್ಬಿಣವೆಂದೋ ಮೇಲಿನ ಅಂಕಿಗೂ ಕಬ್ಬಿಣಕ್ಕೂ ಜಿಗಿದಾಡುವ ಸದ್ದೆಂದೋ ಹೇಳುತ್ತದೆ. ಬಿಯರ್ ಬಾಟಲಿಯ ಮುಚ್ಚಳದ ಸ್ವಭಾವವೂ ಇದೇ. ಹಿತ್ತಾಳೆ ಬಣ್ಣದ ಐದರ ನಾಣ್ಯ ಮಾತ್ರ ಸ್ಥಿರವಾದ ಸದ್ದು ಕೊಡುತ್ತದೆ. ಹಳೆಯ ಅಲ್ಯೂಮಿನಿಯಂ ಐದು, ಹತ್ತು, ಇಪ್ಪತ್ತು ಪೈಸೆಗಳು, ಮಾತ್ರೆಯ ಹಾಳೆ, ಕ್ಯಾನಿನ ಉಂಗುರಗಳ ನಡುವೆಯೇ ಚಿನ್ನದ ಉಂಗುರದ ಅಂಕಿಯೂ ಬೀಳುತ್ತದೆ. ಇವನ್ನು ಬಿಟ್ಟು ಚಿನ್ನ ಮಾತ್ರ ತೋರಿಸು ಎನ್ನುವ ಸೆಟ್ಟಿಂಗ್ ಯಾವ ಯಂತ್ರದಲ್ಲೂ ಇಲ್ಲ. ಮೀನುಗಾರರ ಸೀಸದ ಗುಂಡು ಇನ್ನೊಂದು ಮೋಸಗಾರ: ದುಂಡು, ಸ್ಥಿರ, ಇಂಪು ಸದ್ದು.

ಮಾಂಗಲ್ಯ ಸರ ಕಳೆದವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸರದ ತೂಕ ಇಪ್ಪತ್ತು ಗ್ರಾಂ ಇದ್ದರೂ ಯಂತ್ರಕ್ಕೆ ಕಾಣುವುದು ಇಪ್ಪತ್ತು ಗ್ರಾಮಿನ ಗಟ್ಟಿಯಲ್ಲ, ಒಂದೊಂದೇ ಸಣ್ಣ ಕೊಂಡಿ. ಕೊಂಡಿ ಕೊಂಡಿಗಳ ನಡುವೆ ಸ್ಪರ್ಶ ಸಡಿಲವಾದ್ದರಿಂದ ಸುಳಿ ವಿದ್ಯುತ್ತು ಪ್ರತಿ ಕೊಂಡಿಯಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಕರಿಮಣಿ ಗಾಜು, ಅದಕ್ಕೆ ಸದ್ದೇ ಇಲ್ಲ. ಆದರೆ ತಾಳಿಯ ಬೊಟ್ಟುಗಳು ತಗಡಿನಂತೆ ಅಗಲವಾದ ಇಡೀ ತುಂಡುಗಳು, ಅವು ಚೆನ್ನಾಗಿ ಕೇಳಿಸುತ್ತವೆ. ಹಾಗಾಗಿ ಸರ ಹುಡುಕುವಾಗ ಬೊಟ್ಟಿನಷ್ಟೇ ದೊಡ್ಡ, ಕೆಳಗಿನ ಅಂಕಿಯ ಸದ್ದಿಗೆ ಕಿವಿಗೊಡಿ, ಪಟ್ಟಿಯನ್ನು ಅರ್ಧ ಮೀಟರಿಗೆ ಇಳಿಸಿ, ಕಾಯಿಲ್ ತಳಕ್ಕೆ ತಾಗುವಷ್ಟು ಕೆಳಗಿರಲಿ. ಕಾಲುಂಗುರದಲ್ಲಿ ಇಷ್ಟು ಕಷ್ಟವಿಲ್ಲ; ಬೆಳ್ಳಿ ಮೇಲಿನ ಅಂಕಿಯಲ್ಲಿ ಸ್ಪಷ್ಟವಾಗಿ ಮೊಳಗುತ್ತದೆ.

ಸೆಕೆಂಡಿಗೊಮ್ಮೆ ತಾಳ ಹಾಕಿದಂತೆ ಟಿಕ್ ಎಂದು ಬಂದರೆ ನೆಲದೊಳಗೆ ಏನನ್ನೂ ಹುಡುಕಬೇಡಿ. ಅದು ಹತ್ತಿರದ ತೋಟದ ಐಬೆಕ್ಸ್ (ವಿದ್ಯುತ್) ಬೇಲಿ. ವಿದ್ಯುದಾಗಾರದಿಂದ ಹೊರಟ ಹೈಟೆನ್ಶನ್ ಲೈನಿನ ಕೆಳಗೆ ಬಿಡದೆ ಗುರುಗುಟ್ಟುತ್ತದೆ. ನಾಯ್ಸ್ ಕ್ಯಾನ್ಸಲ್ ಮಾಡಿ ಅಥವಾ ಆವರ್ತನ ಬದಲಿಸಿ ನೋಡಿ. ಜೇಬಿನ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಘಟ್ಟ ಇಳಿದು ಕಡಲಿಗೆ ಹೋದರೆ

ಶಿವಮೊಗ್ಗ ಕಡೆಯವರು ಹೊನ್ನಾವರ, ಮುರ್ಡೇಶ್ವರದ ದಡಕ್ಕೆ ಹೋಗುವಾಗ ಇಲ್ಲಿನ ಅಭ್ಯಾಸ ಕಳಚಿಡಬೇಕು. ಬೀಚ್ ಮೋಡ್ ಬೇಕಾಗುವುದು ಅಲ್ಲಿ. ಒಣಮರಳಿನಲ್ಲಿ ಯಾವ ಮೋಡಾದರೂ ಆದೀತು, ಒದ್ದೆ ಮರಳು ಶುರುವಾದಲ್ಲಿ ಬದಲಿಸಿ ಗ್ರೌಂಡ್ ಬ್ಯಾಲೆನ್ಸ್ ಮತ್ತೆ ಮಾಡಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಒಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಳಿತ ಹೆಚ್ಚು ದೂರ ಸರಿಯುವುದರಿಂದ ಆ ದಿನಗಳನ್ನು ಆರಿಸಿಕೊಳ್ಳಿ. ಇಳಿತಕ್ಕೆ ಎರಡು ಗಂಟೆ ಮುಂಚೆ ಶುರುಮಾಡಿ ನೀರನ್ನು ಹಿಂಬಾಲಿಸಿ, ತಿರುಗಿದಾಗ ಅದಕ್ಕಿಂತ ಮುಂಚೆ ಮೇಲೆ ಬನ್ನಿ. ಕೆರೆಯ ಉಂಗುರ ಬಿದ್ದಲ್ಲಿರುತ್ತದೆ, ಕಡಲಿನದು ಇರುವುದಿಲ್ಲ. ಅಲೆ ಅದನ್ನು ಉರುಳಿಸಿ ಭಾರದ ಕಲ್ಲು, ಚಿಪ್ಪು, ಸೀಸಗಳ ಜೊತೆ ಒಂದೇ ಪಟ್ಟಿಯಲ್ಲಿ ಕೂರಿಸುತ್ತದೆ. ಒಂದು ಕಡೆ ನಾಲ್ಕಾರು ನಾಣ್ಯ, ಸೀಸ ಸಿಕ್ಕರೆ ದಡಕ್ಕೆ ಸಮಾನಾಂತರವಾಗಿ ಆ ಸಾಲನ್ನೇ ಹಿಡಿದು ನಡೆಯಬೇಕು.

ಜೀವಕ್ಕೂ ಕಾನೂನಿಗೂ ಸಂಬಂಧಿಸಿದ್ದು

ಸೊಂಟಕ್ಕಿಂತ ಆಳಕ್ಕೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ. ಮುಳುಗಿದ ಊರುಗಳಲ್ಲಿ ಬಾವಿಗಳಿವೆ; ಹೂಳು ಮುಚ್ಚಿದ ಬಾಯಿ ಮೇಲಿಂದ ಸಪಾಟಾಗಿ ಕಾಣುತ್ತದೆ. ಕೋಲಿನಿಂದ ಮುಂದೆ ತಿವಿದು ನೋಡದೆ ಹೆಜ್ಜೆ ಇಡಬಾರದು. ಗಾಜನೂರಿನ ಕೆಳಗಿನ ತುಂಗೆಯಲ್ಲಿ ಅಣೆಕಟ್ಟೆಯ ನೀರು ಬಿಟ್ಟಾಗ ಮಟ್ಟ ಏರುತ್ತದೆ. ಏಪ್ರಿಲ್–ಮೇ ಮಧ್ಯಾಹ್ನ ಹೆಡ್‌ಫೋನಿನಲ್ಲಿ ಚಟಚಟ ಕೇಳಿ ಮೋಡ ಕಟ್ಟಿದ್ದರೆ ಅದು ಸಿಡಿಲಿನ ಸೂಚನೆ, ಆ ಕ್ಷಣವೇ ನೀರು ಬಿಟ್ಟು ಮೇಲೆ ಬನ್ನಿ.

ನೀರು ಇಳಿಯುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ ಎಂಬುದನ್ನು ಮಲೆನಾಡಿಗೆ ಹೊರಗಿನಿಂದ ಬರುವವರು ತಿಳಿದಿರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗ ಉಣ್ಣೆ ಕಚ್ಚುವುದರಿಂದ ಬರುತ್ತದೆ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಹಿನ್ನೀರಿನ ದಡಕ್ಕೆ ಕಾಡಿನ ದಾರಿಯಲ್ಲಿ ಹೋಗುವವರು ಉದ್ದ ತೋಳು, ಸಾಕ್ಸಿನೊಳಗೆ ತುರುಕಿದ ಪ್ಯಾಂಟು, ಉಣ್ಣೆ ಹತ್ತದಂತೆ ಸವರಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇಲ್ಲದೆ ಹೋಗಬಾರದು. ಬಂದ ಮೇಲೆ ಬಿಸಿನೀರು, ಸೋಪು. ಎಲ್ಲೋ ಮಂಗ ಸತ್ತಿದೆ ಎಂದು ಊರವರು ಹೇಳಿದರೆ ಆ ಕಡೆ ಹೋಗಲೇಬೇಡಿ.

ಡಿಟೆಕ್ಟರ್ ಕೈಯಲ್ಲಿ ಕಂಡರೆ ಮಲೆನಾಡಿನಲ್ಲಿ ಮೊದಲು ಬರುವ ಅನುಮಾನ ನಿಧಿಗಳ್ಳತನದ್ದು. ಅದರಲ್ಲಿ ತಪ್ಪೇನೂ ಇಲ್ಲ. ನಿಧಿಯಾಸೆಗೆ ಶಿವಲಿಂಗ ಕಿತ್ತು, ಗರ್ಭಗುಡಿ ಅಗೆದು ಹಾಳುಮಾಡಿದ ಗುಡಿಗಳ ಗುರುತು ಕಾಡಿನಲ್ಲಿ ಇನ್ನೂ ಇದೆ. ಇಕ್ಕೇರಿ, ಕೆಳದಿ, ಬಳ್ಳಿಗಾವಿ, ತಾಳಗುಂದದಂಥ ಸಂರಕ್ಷಿತ ತಾಣಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಅಲ್ಲಿಗೆ ಯಂತ್ರ ಒಯ್ಯುವ ಯೋಚನೆಯೇ ಬೇಡ. ಶರಾವತಿ ಕಣಿವೆಯ ಹಿನ್ನೀರಿನ ಒಂದು ಭಾಗ ವನ್ಯಜೀವಿ ಧಾಮ, ಅಲ್ಲಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಉಳಿದೆಡೆಯೂ ಹುಡುಕುವ ಮುನ್ನ ಗ್ರಾಮ ಪಂಚಾಯಿತಿಗೋ ಹತ್ತಿರದ ಠಾಣೆಗೋ ಏನು ಕಳೆದಿದೆ, ಎಲ್ಲಿ ಹುಡುಕುತ್ತೇವೆ ಎಂದು ಬರೆದು ಕೊಡಿ. ಹಳೆಯ ನಾಣ್ಯದ ಗಂಟು, ವಿಗ್ರಹ, ತಾಮ್ರಪಟ ಸಿಕ್ಕರೆ ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು, ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಿಧಿಗೆ ಸಂಬಂಧಿಸಿ ಕರ್ನಾಟಕಕ್ಕೆ 1962ರದೇ ಕಾಯ್ದೆಯಿದೆ. ಬೇರೆಯವರ ಉಂಗುರ ಸಿಕ್ಕರೆ ಠಾಣೆಗೆ ಒಪ್ಪಿಸಿ. ತೀರ್ಥದಲ್ಲಿ ಹರಕೆಯೆಂದು ಹಾಕಿದ ನಾಣ್ಯ ಕಳೆದ ವಸ್ತುವಲ್ಲ, ಅದನ್ನು ಮುಟ್ಟಬಾರದು. ಮುಳುಗಡೆಯಾದ ಮನೆಯ ಜಾಗದಲ್ಲಿ ಸಿಗುವ ಕಂಚಿನ ಗಂಟೆ, ದೀಪಗಳ ಮನೆತನದವರು ಇನ್ನೂ ಬದುಕಿದ್ದಾರೆ. ಯಾರ ಮನೆಯಿತ್ತು ಎಂದು ಆ ಸೀಮೆಯ ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ಅಗೆದ ಗುಂಡಿಗಳನ್ನೆಲ್ಲ ಮುಚ್ಚಿ. ನೀರು ಏರಿದ ಮೇಲೆ ಅದರಲ್ಲಿ ಕಾಲಿಡುವುದು ದನ ಕುಡಿಸಲು ಬರುವವರು.

ಯಂತ್ರದ ಆರೈಕೆ

ಕಾಯಿಲಿನ ಅಡಿಯ ಪ್ಲಾಸ್ಟಿಕ್ ಕವಚವನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಿರಿ. ಒಳಗೆ ಕೂತ ಕಬ್ಬಿಣದ ಮಣ್ಣು ಕಾಯಿಲ್ ಜೊತೆಗೇ ತಿರುಗುತ್ತ ಮರುದಿನ ಕಾರಣವಿಲ್ಲದ ಸದ್ದು ಮಾಡುತ್ತದೆ. ಕಡಲಿನಿಂದ ಬಂದ ದಿನ ಚಾರ್ಜಿಂಗ್ ಮುಚ್ಚಳ ಭದ್ರಪಡಿಸಿ ಸಿಹಿನೀರಿನಲ್ಲಿ ಪೂರ್ತಿ ತೊಳೆಯಬೇಕು. ಬ್ಯಾಟರಿ, ಹೆಡ್‌ಫೋನ್ ಮುಚ್ಚಳಗಳ ರಬ್ಬರ್ ರಿಂಗಿಗೆ ಒಂದು ಮರಳಿನ ಕಣ ಅಂಟಿದ್ದರೂ ನೀರು ಒಳಗೆ ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಷ್ಟು ಸಿಲಿಕಾನ್ ಗ್ರೀಸ್ ಸವರಿ. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಊದಿಸುತ್ತದೆ, ಅದು ಬೇಡ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಎತ್ತಿಡುವಾಗ ಬಿಡಿ ಸೆಲ್ ಹಾಕುವ ಯಂತ್ರವಾದರೆ ಸೆಲ್ ತೆಗೆದಿಡಿ, ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿಯಾದರೆ ಅರ್ಧ ಚಾರ್ಜಿನಲ್ಲಿಡಿ. ಮಲೆನಾಡಿನ ಮಳೆಗಾಲಕ್ಕೆ ಕನೆಕ್ಟರಿನ ತಾಮ್ರ ಹಸಿರುಗಟ್ಟುವುದು ಬೇಗ, ಆದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ತಿಂಗಳಿಗೊಮ್ಮೆ ತೆರೆದು ಹೊತ್ತಿಸಿ ನೋಡಿ.